ಎಂಟು ಬೆರಳಿನ ಲೆಕ್ಕ

ಬೆಳಗಿನ ಐದೂವರೆ. ಸಂಡೂರು ರಸ್ತೆಯಲ್ಲಿ ಆಗಲೇ ಅದಿರು ಲಾರಿಗಳ ಸಾಲು. ಪಕ್ಕದ ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಮಾತ್ರ ಕಲ್ಲಿದ್ದಲು ಬಾರದೆ ನಿನ್ನೆ ಮುಂಜಾನೆಯಿಂದ ಕುಲುಮೆ ನಿಂತಿದೆ. ಕರೆಂಟಿನ ಸೆಳೆತದಿಂದ ಹೊಗೆಯ ಧೂಳು ಹಿಡಿಯುವ ಕಬ್ಬಿಣದ ಪೆಟ್ಟಿಗೆ ತಣ್ಣಗಾದದ್ದೇ ಈಗ. ಒಳಗಿನ ಮೂರಾಳೆತ್ತರದ ತಗಡುಗಳ ನಡುವೆ ನುಸುಳುವ ಮುನ್ನ, ಅದನ್ನು ನೋಡಿಕೊಳ್ಳುವ ಉಚ್ಚೆಂಗೆಪ್ಪ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಸರಳು ಸಿಕ್ಕಿಸುತ್ತಾರೆ. ಸ್ವಿಚ್ ಆರಿಸಿದರೂ ಕರೆಂಟು ಒಳಗೇ ಅಡಗಿರುತ್ತದೆ. ಅದನ್ನು ಒಮ್ಮೆ ಮರೆತ ಜೊತೆಗಾರ ಅಂಜಿನಯ್ಯ ಇಲ್ಲೇ ಸತ್ತ.

ತಗಡಿಗೂ ಅದರೆದುರು ಇಳಿಬಿಟ್ಟ ತಂತಿಗೂ ಎಂಟು ಬೆರಳಿನ ಅಂತರವಿರಬೇಕು. ಏಳನೇ ಸಾಲಿನಲ್ಲಿ ಉಚ್ಚೆಂಗೆಪ್ಪನವರ ಕೈ ನಿಲ್ಲುತ್ತದೆ. ಐದೇ ಬೆರಳು. ತಗಡು ಬಾಗಿದೆ.

"ನಲವತ್ತು ಸಾವಿರ ವೋಲ್ಟ್ ರೀ. ಎಂಟು ಬೆರಳಿಗೆ ಹಂಚಿದ್ರ ಬೆರಳಿಗೆ ಐದು ಸಾವಿರ. ಐದಕ್ಕ ಹಂಚಿದ್ರ ಎಂಟು ಸಾವಿರ. ಅಷ್ಟು ಗಾಳಿ ತಡಿಯಂಗಿಲ್ಲ, ಕಿಡಿ ಹಾರತೈತಿ," ಎಂದು ಪೆಟ್ಟಿಗೆಯ ಬಾಗಿಲಲ್ಲಿ ನಿಂತ ನನಗೆ ಹೇಳುತ್ತಾರೆ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರಿಗೆ ಈ ಭಾಗಾಕಾರ ಕಲಿಸಿದ್ದು ಅದೇ ಅಂಜಿನಯ್ಯ.

ಕೆಳಗಿನಿಂದ ಸೂಪರ್‌ವೈಸರ್ ವೀರೇಶ್ ಕೂಗುತ್ತಾರೆ: "ಜಲ್ದಿ ಇಳಿಯಪ್ಪಾ! ಕಲ್ಲಿದ್ದಲು ಬಂತು, ಏಳಕ್ಕ ಬೆಂಕಿ."

"ಎಂಟು ತಾಸು ಕೊಡ್ರಿ ಸಾರ್, ತಗಡು ನೆಟ್ಟಗ ಮಾಡ್ತೀನಿ."

"ಎಂಟು ತಾಸಾ? ಕಬ್ಬಿಣದ ರೇಟು ನಿನಗ ಕಾಯ್ತೈತೇನು? ಇಪ್ಪತ್ತೈದಕ್ಕ ಇಳಿಸು, ಕಿಡಿ ಹಾರಂಗಿಲ್ಲ."

ಮಾತು ಸುಳ್ಳಲ್ಲ. ಇಪ್ಪತ್ತೈದು ಸಾವಿರಕ್ಕಿಳಿಸಿದರೆ ಬಾಗಿದ ಕಡೆ ಮತ್ತೆ ಬೆರಳಿಗೆ ಐದು ಸಾವಿರ. ಆದರೆ ನೆಟ್ಟಗಿರುವ ಸಾಲುಗಳಿಗೆಲ್ಲ ಮೂರೇ ಸಾವಿರ. ಅಷ್ಟು ಸೆಳೆತಕ್ಕೆ ಧೂಳು ಸರಿಯಾಗಿ ಅಂಟುವುದಿಲ್ಲ. ಚಿಮಣಿ ಹತ್ತಿ ಊರಿಗೆ ಹೋಗುತ್ತದೆ.

"ಒಂದು ತಗಡು ಸೊಟ್ಟಾದ್ರ ನಲವತ್ತು ತಗಡಿಗೆ ಉಪವಾಸ ರೀ," ಎನ್ನುತ್ತಾರೆ ಉಚ್ಚೆಂಗೆಪ್ಪ. ಏಳು ಗಂಟೆಗೆ ನಾಬು ತಿರುಗಿಸಿ ವೋಲ್ಟ್ ಇಳಿಸುವ ಕೈಯೂ ಅವರದೇ. ಗುತ್ತಿಗೆ ಆಳು, ಒಲ್ಲೆ ಎಂದರೆ ಗೇಟಿನಾಚೆ ಹತ್ತು ಜನ ನಿಂತಿದ್ದಾರೆ.

ಸಂಜೆ ಮನೆ ಮುಟ್ಟುವಾಗ ಹೆಂಡತಿ ಜಂಬಮ್ಮ ಕೆಮ್ಮುತ್ತಲೇ ನೀರಿನ ಕೊಡದ ಬಳಿ ಕೂತಿದ್ದಾರೆ. ಎರಡು ವರ್ಷದ ಕೆಮ್ಮು. ಮುಚ್ಚಳದ ಮೇಲೆ ಬೆರಳಾಡಿಸಿ, ಕಪ್ಪಾದ ತುದಿಯನ್ನು ಗಂಡನ ಮುಂದೆ ಹಿಡಿಯುತ್ತಾರೆ.

"ಮತ್ತ ಇಪ್ಪತ್ತೈದಕ್ಕ ಇಳಿಸಿ ಬಂದ್ಯೇನು?"

"ಹೂಂ."

"ಆ ಧೂಳು ಇಳಿಸಾಕ ನಿನ್ನ ಕೈಗೆ ನನ್ನ ಎದಿನ ಸಿಕ್ತೇನು?"

ಆಕೆ ಒಳಗೆ ಹೋದ ಮೇಲೆ ಉಚ್ಚೆಂಗೆಪ್ಪ ನನಗೆ ಹೇಳುತ್ತಾರೆ: "ಮೀಟರ್ ಕಣ್ಣಿಲೆ ಕಂಡಾಕಿಯಲ್ಲ. ಆದ್ರ ಧೂಳು ಮುಟ್ಟಿ ಎಷ್ಟು ವೋಲ್ಟ್ ಅಂತ ಒಮ್ಮೆನೂ ತಪ್ಪು ಹೇಳಿಲ್ಲ ನೋಡ್ರಿ. ಒಂದಿನ ಆ ಮುಚ್ಚಳ ಮುಟ್ಟಿದ್ರೂ ಬೆರಳು ಕಪ್ಪಾಗಬಾರದು, ಆಕಿ 'ನಲವತ್ತು' ಅನ್ನಬೇಕು. ಅಷ್ಟ ರೀ."