ದಂಡನಾಯಕ ಊಟಕ್ಕೆ ಕೂತ

ನಮ್ಮ ಸಿಡ್ನಿ ಮನೆಯ ವಿಸಿಆರ್‌ಗೆ ಅಮ್ಮ ರವಿಕೆಕಣದಿಂದ ಒಂದು ಮುಸುಕು ಹೊಲಿದಿದ್ದರು. ಧೂಳು ಕೂರಬಾರದೆಂದು ಅವರು ಹೇಳುತ್ತಿದ್ದರೂ, ಒಳಗಿನ ಅಷ್ಟೊಂದು ಜನರಿಗೆ ಚಳಿಯಾದೀತೆಂಬ ಕರುಣೆಯೂ ಅದರಲ್ಲಿತ್ತೆಂದು ನನ್ನ ಗುಮಾನಿ. ತೊಂಬತ್ತರ ದಶಕದ ನಡುವೆ, ನನ್ನ ಬಾಣಂತನಕ್ಕೆಂದು ಎರಡು ತಿಂಗಳು ಮುಂಚೆಯೇ ಮೈಸೂರಿನಿಂದ ಬಂದಿಳಿದಿದ್ದ ಅಮ್ಮನಿಗೆ ಇಂಗ್ಲಿಷ್ ಬಾರದು, ಮಾತಿಲ್ಲದೆ ಇರಲೂ ಬಾರದು. ಅಂಥವರಿಗೆ ಆ ಸಬರ್ಬಿನಲ್ಲಿ ದೊರೆತ ಒಬ್ಬರೇ ಗೆಳತಿ ಪಕ್ಕದ ಮನೆಯ ಕೊರಿಯಾದ ಕಿಮ್ ಆಂಟಿ. ಒಬ್ಬರದು ಕನ್ನಡ, ಇನ್ನೊಬ್ಬರದು ಕೊರಿಯನ್. ಸೊಪ್ಪು ಬಿಡಿಸುತ್ತ ಗಂಟೆಗಟ್ಟಲೆ ಹರಟುತ್ತಿದ್ದ ಅವರ ನಡುವೆ ದುಭಾಷಿಯಾಗಹೋದ ನಾನೇ ಅಡ್ಡಿಯಾಗುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಕಿಮ್ ಆಂಟಿ ತಮ್ಮ ನಾಡಿನ ಹಿಂದಿನ ಕಾಲದ ದಂಡನಾಯಕನೊಬ್ಬನ ಸಿನಿಮಾ ತಂದರು. ಸಬ್‌ಟೈಟಲ್ ಇರಲಿಲ್ಲ, ಅಮ್ಮನಿಗೆ ಬೇಕಾಗಿಯೂ ಇರಲಿಲ್ಲ. ರಾಜನದು ಹಿತ್ತಾಳೆ ಕಿವಿಯೆಂದೂ ಮಂತ್ರಿ ಚಾಡಿಕೋರನೆಂದೂ ಐದೇ ನಿಮಿಷದಲ್ಲಿ ತೀರ್ಮಾನಿಸಿ, ದಂಡನಾಯಕನ ಪಕ್ಷ ಸೇರಿಬಿಟ್ಟರು. ಕೊನೆಯ ಯುದ್ಧದಲ್ಲಿ ಅವನು ಬಾಣ ತಗುಲಿ ಬಿದ್ದು ಪರದೆ ಕಪ್ಪಾದಾಗ ಕಿಮ್ ಆಂಟಿ ಕಣ್ಣೀರಿಡುತ್ತ ಎದ್ದರು. ಅಮ್ಮ ಏಳಲಿಲ್ಲ. ರಾಮಾಯಣದ ಪಾರಾಯಣವನ್ನು ಪಟ್ಟಾಭಿಷೇಕದಲ್ಲಲ್ಲದೆ ಬೇರೆಲ್ಲೂ ಮುಗಿಸಿ ಗೊತ್ತಿಲ್ಲದ ಜೀವ ಅದು.

“ಸಾವಲ್ಲಿ ಕತೆ ಮುಗಿಸಿ ಎದ್ದುಹೋಗೋದೇನೇ? ಅದೂ ಬಸುರಿ ಮುಂದೆ!” ಎಂದವರೇ ರಿವೈಂಡ್ ಗುಂಡಿ ಒತ್ತಿದರು. ಸತ್ತವನು ಎದ್ದ, ಬಾಣಗಳು ಬಿಲ್ಲಿಗೆ ಮರಳಿದವು, ಕುದುರೆಗಳು ಹಿಂದುಹಿಂದಕ್ಕೆ ಓಡಿದವು. ಮೊದಲ ಗೆಲುವಿನ ನಂತರ ಅವನು ಮನೆಗೆ ಬಂದು, ತಾಯಿ ಬಡಿಸಿದ ಅನ್ನದ ಮುಂದೆ ಕೂರುವಲ್ಲಿ ಟಕ್ಕನೆ ನಿಲ್ಲಿಸಿ ಕೈಮುಗಿದರು. ನನಗೆ ನಗು ತಡೆಯಲಾಗಲಿಲ್ಲ. ಕಿಮ್ ಆಂಟಿ ಮಾತ್ರ ನಗದೆ, ಕಾಫಿಯನ್ನೂ ಕುಡಿಯದೆ, ಕ್ಯಾಸೆಟ್ ತೆಗೆದುಕೊಂಡು ಹೊರಟುಹೋದರು.

ನೀವೇ ಹೇಳಿ, ಯಾರ ಕತೆಯನ್ನು ತಾನೇ ಕೊನೆಯವರೆಗೂ ಓಡಿಸಿದರೆ ಮಂಗಳವಾದೀತು? ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ಒಂದು ಜಾಣತನವೇ. ಆದರೆ ಇನ್ನೊಬ್ಬರ ವೀರನ ಮರಣವನ್ನು ಹೀಗೆ ಗುಂಡಿಯೊತ್ತಿ ಅಳಿಸುವ ಹಕ್ಕು ನಮಗುಂಟೆ? ಮೂರು ದಿನ ಬೇಲಿಯಾಚೆ ಸದ್ದೇ ಇರಲಿಲ್ಲ. “ಇದ್ದೊಬ್ಬ ಗೆಳತೀನೂ ಕಳಕೊಂಡೆನೇನೇ” ಎಂದು ಅಮ್ಮ ತಟ್ಟೆಯಲ್ಲಿ ಅನ್ನ ಕೆದಕುತ್ತ ಕೂತಿರುತ್ತಿದ್ದರು.

ನಾಲ್ಕನೆಯ ದಿನ ಕಿಮ್ ಆಂಟಿ ಬಾಗಿಲಲ್ಲಿ ನಿಂತಿದ್ದರು. ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ನನಗೆ ಹೇಳಿದ್ದಿಷ್ಟು: “ನಮ್ಮಣ್ಣ ಯುದ್ಧಕ್ಕೆ ಹೋದವನು ಬರಲೇ ಇಲ್ಲ. ಈ ಸಿನಿಮಾ ನೋಡಿದಾಗೆಲ್ಲ ಅವನು ಮತ್ತೆ ಸಾಯುತ್ತಿದ್ದ. ಮೂರು ದಿನದಿಂದ ನಾನೂ ನಿಮ್ಮಮ್ಮ ನಿಲ್ಲಿಸಿದ ಕಡೆಯೇ ನಿಲ್ಲಿಸುತ್ತಿದ್ದೇನೆ. ಊಟಕ್ಕೆ ಕೂತೇ ಇದ್ದಾನೆ.”

ನಾನದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಗೆಳತಿಯ ಕೈ ಹಿಡಿದು ಒಳಗೆ ಕರೆತಂದು, ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅವಸರ ಏನಿಲ್ಲ ಅಂತ ಹೇಳೇ. ನಿಧಾನವಾಗಿ ಉಣ್ಣಲಿ.”