ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿದ ಅಕ್ಕಿ ಚೀಲ

ಸಿಯಾಟಲ್ ಸೀಮೆಯ ಸಮಸ್ತ ವಿಡಿಯೊಪ್ರಿಯ ಮಹಾಜನರೇ, ಕಡಿಮೆ ಖರ್ಚಿನಲ್ಲಿ ಕ್ಯಾಮೆರಾ ನಿಲ್ಲಿಸುವ ವಿದ್ಯೆಯ ಕುರಿತು ಎರಡು ಮಾತು.

ಇವತ್ತು ನಾರ್ತ್ ಕ್ರೀಕಿನ ಮನೆಯಲ್ಲಿ ಗೆಳೆಯ ಹರೀಶನ ಮಗಳ ಅಕ್ಷರಾಭ್ಯಾಸ. ತಟ್ಟೆಯ ಅಕ್ಕಿಯಲ್ಲಿ ಮಗು ಬರೆಯುವುದನ್ನು ಮೇಲಿನಿಂದ ಚಿತ್ರೀಕರಿಸುವ ಕೆಲಸ ನನ್ನದು, ದುಬಾರಿ ಕ್ಯಾಮೆರಾ ಹರೀಶನದು. ಪಿವಿಸಿ ಪೈಪು ಜೋಡಿಸಿ ಉದ್ದ ತೋಳಿನ ಸ್ಟ್ಯಾಂಡ್ ಮಾಡಿದ್ದೆ. ತೋಳಿನ ಒಂದು ತುದಿಗೆ ಕ್ಯಾಮೆರಾ, ಇನ್ನೊಂದು ತುದಿಗೆ ಸಮತೂಕಕ್ಕೆಂದು ಅಕ್ಕಿಯ ಚೀಲ. ಪೈಪಿಗೆ ಟೇಪು, ಟೇಪಿಗೆ ದಾರ. ದೇವರ ಮೇಲೆ ಮಿಕ್ಕಿದ ಭಾರ.

"ಅಕ್ಕಿ ಸಾಲ್ದು, ಇನ್ನೊಂಚೂರು ತನ್ನಿ" ಎಂದರು ಪುರೋಹಿತರು. ಮೈಸೂರಿನಿಂದ ಬಂದಿರುವ ಹರೀಶನ ಅತ್ತೆ ಕಮಲಮ್ಮ ನನ್ನ ಚೀಲವನ್ನೇ ಬಿಚ್ಚಿಕೊಂಡರು. ಕ್ಯಾಮೆರಾ ಸೀದಾ ಮಗುವಿನ ತಲೆಯತ್ತ ಇಳಿಯಿತು. ಆಕೆ ಚೀಲ ಬಿಟ್ಟು, ಮೇಲೆದ್ದ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಕ್ಯಾಮೆರಾ ಗೇಣು ದೂರದಲ್ಲಿ ನಿಂತಿತು. ಮಗು ತಲೆಯನ್ನೂ ಎತ್ತದೆ "ಆಮ್ ಐ ಡನ್?" ಎಂದು ಕೇಳಿತು.

ಹರೀಶ ಮಾತ್ರ ಬೆವರಿದ್ದ. "ಚೀಲ ಯಾರು ತೆಗೆದಿದ್ದು?"

"ನಾನೇ ಅಳಿಯಂದ್ರೇ. ಕ್ಯಾಮೆರಾಗೂ ಅಕ್ಕಿ ಬೇಕು ಅಂತ ನಂಗೇನು ಗೊತ್ತು?"

"ಪರವಾಗಿಲ್ಲ ಬಿಡಿ ಅಮ್ಮ, ಹೊಸಬರಿಗೆ ತಿಳಿಯಲ್ಲ" ಎಂದು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಎಲ್ಲರೂ ಒಪ್ಪಿ ಹೋಳಿಗೆಯ ಕಡೆ ತಿರುಗಿದರು.

ಆಯಿತು, ಇನ್ನು ಮುಚ್ಚಿಡುವುದು ನನ್ನಿಂದಾಗದು. ಪುರೋಹಿತರು ಅಕ್ಕಿ ಕೇಳಿದಾಗ ಕಮಲಮ್ಮ ಅಡುಗೆಮನೆಗೇ ಹೊರಟಿದ್ದರು. "ಅಷ್ಟು ದೂರ ಯಾಕಮ್ಮ, ಇಲ್ಲೇ ಇದೆಯಲ್ಲ" ಎಂದು ಚೀಲ ತೋರಿಸಿದವನು ನಾನು.