ಕಣ್ಣಳತೆಯ ಸಮುದ್ರ

ಪುಣೆಯ ಧನಕವಡಿಯಲ್ಲಿ, ಮೂರನೇ ಮಾಳಿಗೆಯ ಮನೆಯೊಳಗೆ ಸಮುದ್ರ ತಂದಿಡಲು ಹೊರಟವನೊಬ್ಬನಿದ್ದ. ನಗಬೇಡಿ. ಮೊದಲು ಅವನ ಹೆಂಡತಿಯನ್ನು ನೋಡಿ, ಆಮೇಲೆ ಬೇಕಾದರೆ ನಗುವಿರಂತೆ.

ಅವನ ಹೆಸರು ಅಂಬಾರಾಯ, ಕಲಬುರಗಿ ಕಡೆಯವನು. ಕೆಳಗೆ ಬೀದಿಯಲ್ಲಿ ಅವನದೊಂದು ಮ್ಯಾಚಿಂಗ್ ಸೆಂಟರ್: ಸೀರೆಗೆ ಒಪ್ಪುವ ಕುಪ್ಪಸದ ಬಟ್ಟೆ, ಫಾಲು, ಲಂಗ. ಅಂಗಡಿ ಅವನದಾದರೂ ಅಂಗಡಿಯ ಕಣ್ಣು ಹೆಂಡತಿ ಶಾಮಲಾಳದು. ಗಿರಾಕಿ ಸೆರಗನ್ನು ಒಂದು ಸಲ ಬಿಚ್ಚಿ ತೋರಿಸಿದರೆ ಸಾಕು, ಒಟ್ಟಿದ ಬಟ್ಟೆಯ ಥಾನುಗಳೊಳಗೆ ಕೈ ಹಾಕಿ ಸರಿಯಾದದ್ದನ್ನೇ ಎಳೆಯುತ್ತಿದ್ದಳು. ಇದು ಬದನೆಕಾಯಿ ಬಣ್ಣವಲ್ಲ, ಬದನೆ ಹೂವಿನ ಬಣ್ಣ ಎಂದು ಮರಾಠಿ ಹೆಂಗಸರೊಡನೆ ಮರಾಠಿಯಲ್ಲೇ ಜಗಳವಾಡಿ ಗೆಲ್ಲುತ್ತಿದ್ದಳು.

ಆ ಕಣ್ಣಿಗೇ ರೋಗ ಬಂತು. ಸುತ್ತಲಿಂದ ಕತ್ತಲೆ ಮುತ್ತಿ, ನಡುವೆ ಬಳೆಯಷ್ಟು ಬೆಳಕು ಉಳಿಯಿತು. ಅದೂ ಮುಚ್ಚುತ್ತದೆ, ಮದ್ದಿಲ್ಲ ಎಂದರು ಡಾಕ್ಟರು. ಶಾಮಲಾ ಅಂಗಡಿಗೆ ಇಳಿಯುವುದನ್ನು ಬಿಟ್ಟಳು, ಮಾತನ್ನೂ ಹೆಚ್ಚುಕಡಿಮೆ ಬಿಟ್ಟಳು. ಒಂದು ಕೆಲಸ ಮಾತ್ರ ಬಿಡಲಿಲ್ಲ. ತವರಿನಿಂದ ಬಂದ ತಾಮ್ರದ ಹಂಡೆಯನ್ನು ಸಂಜೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ ನೀರು ತುಂಬಿಡುತ್ತಿದ್ದಳು. ಬೆಳಿಗ್ಗೆ ಅದರ ಮೊದಲ ತಂಬಿಗೆ ದೇವರಿಗೆ, ಆಮೇಲೆ ಮನೆಯವರಿಗೆ.

ಎದುರು ಮನೆಗೆ ಮೈಸೂರು ಕಡೆಯ ಮಧುಕರ್ ಬಂದ. ಐಟಿ ಕೆಲಸದವನು. ಬೆಂಗಳೂರಿನಲ್ಲಿದ್ದಾಗ ಉಪ್ಪುನೀರಿನ ತೊಟ್ಟಿಯಲ್ಲಿ ತಾನು ಸಾಕಿದ್ದ ಜೀವಂತ ಹವಳದ ವಿಡಿಯೊವನ್ನು ಒಂದು ಸಂಜೆ ಫೋನಿನಲ್ಲಿ ತೋರಿಸಿದ. ಶಾಮಲಾ ಫೋನನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ರೀ, ಈ ಹಸರು ನಮ್ಮ ಅಂಗಡ್ಯಾಗ ಎಂದೂ ಬಂದಿಲ್ಲ ನೋಡ್ರಿ," ಅಂದಳು.

ಎಷ್ಟೋ ತಿಂಗಳ ಮೇಲೆ ಅವಳಾಗಿಯೇ ಆಡಿದ ಮಾತು ಅದು. ಆ ಹಸಿರನ್ನು ಅವಳ ಕಣ್ಣು ಮುಚ್ಚುವ ಮೊದಲು ಮನೆಗೆ ತರಬೇಕು ಎಂಬ ಹಟ ಅಂಬಾರಾಯನಿಗೆ ಅಂದೇ ಹಿಡಿಯಿತು.

"ದೊಡ್ಡ ಟ್ಯಾಂಕೇ ಮಾಡೋಣ ಅಂಕಲ್, ಮ್ಯಾನೇಜ್ ಮಾಡೋದು ಈಸಿ," ಅಂದ ಮಧುಕರ್.

"ಬ್ಯಾಡೋ ತಮ್ಮಾ. ಆಕಿ ಕಣ್ಣಾಗ ಹಿಡಸೂವಷ್ಟು ಇದ್ರ ಸಾಕು."

ಸೀರೆ ಡಬ್ಬಿಯ ರಟ್ಟನ್ನು ಕತ್ತರಿಸಿ, ಶಾಮಲಾಳನ್ನು ಕುರ್ಚಿಯಲ್ಲಿ ಕೂಡಿಸಿ, ಗೋಡೆಗೆ ಹಿಡಿದು ನಿಂತ ಅಂಬಾರಾಯ. "ಈ ಅಂಚು ಕಾಣತದೇನು?" "ಇಲ್ಲರಿ, ಇನ್ನಾ ಒಳಗ ತರ್ರಿ." ಬಟ್ಟೆ ಕತ್ತರಿಯಿಂದ ಒಂದಿಷ್ಟು ಕತ್ತರಿಸಿ ಮತ್ತೆ ಹಿಡಿದ. "ಈಗ?" "ಈಗ ಪೂರಾ ಬಂತು. ಒಳ್ಳೇ ಕುಪ್ಪಸದ ಅಳತಿ ತಗೊಂಡಂಗ ಆತಲ್ಲರಿ!" ಎಂದು ನಕ್ಕಳು. ಆ ರಟ್ಟಿನ ಅಳತೆಗೇ ಗಾಜಿನ ತೊಟ್ಟಿ ಕೂಡಿಸಿದರು.

ಕಟ್ಟಡದ ಸೊಸೈಟಿಯ ಚೇರ್ಮನ್ ಮೆಟ್ಟಿಲಲ್ಲಿ ಅಡ್ಡಗಟ್ಟಿ, "ಕಾಯ ಹೋ ಅಂಬಾರಾವ್, ಸಮುದ್ರಚ್ ಆಣಲಾ ಕಾ?" ಎಂದು, ಸಮುದ್ರವನ್ನೇ ತಂದಿರೇನು ಅಂತ, ಚೇಷ್ಟೆ ಮಾಡಿದರು. ಮೇಲಿನ ಭಾರಕ್ಕೆ ನೆಲ ಬಿರಿದೀತು ಎಂಬ ಭಯ ಅವರಿಗೆ. ಅದಕ್ಕೆಂದು, ಕೆಳಗೆ ತೊಲೆ ಹಾಯ್ದ ಜಾಗ ಹುಡುಕಿ, ಬಿಸಿಲು ಬೀಳದ ಗೋಡೆಗೆ ಒತ್ತಿ ತೊಟ್ಟಿಯನ್ನಿಟ್ಟರು. ಉಪ್ಪು ಕಲಸಿ, ಮರಳು ಹಾಸಿ, ಸಮುದ್ರದ ಕಲ್ಲು ಜೋಡಿಸಿದ್ದಾಯಿತು. ಆಮೇಲೆ ಕಾಯುವ ಕೆಲಸ.

"ಅರ್ಜೆಂಟ್ ಮಾಡಿದ್ರೆ ಎಲ್ಲಾ ಸತ್ತೋಗ್ತವೆ ಅಂಕಲ್. ನೀರು ತಾನಾಗೇ ಹದಕ್ಕೆ ಬರ್ಬೇಕು."

ನೀರು ಹದಕ್ಕೆ ಬರುವಷ್ಟರಲ್ಲಿ ಶಾಮಲಾಳ ಕಣ್ಣೊಳಗಿನ ಬಳೆ ಉಂಗುರವಾಗಿತ್ತು. ತೊಟ್ಟಿ ಈಗ ಇಡಿಯಾಗಿ ಕಾಣುತ್ತಿರಲಿಲ್ಲ. ಮುಖ ಆಡಿಸಿ ಆಡಿಸಿ ನೋಡಬೇಕಿತ್ತು. ಆದರೂ ಹವಳ ಬಂತು: ಅದೇ ಹಸಿರು, ಪಕ್ಕದಲ್ಲಿ ಕಿತ್ತಳೆ, ಒಂದು ನೇರಳೆ, ನಾಲ್ಕು ಬಸವನಹುಳು, ಒಂದು ಸಿಗಡಿ, ಒಂದು ಪಟ್ಟೆಮೀನು. ಶಾಮಲಾ ಗಾಜಿಗೆ ಮೂಗು ಹಚ್ಚಿ ಕೂತಳು. "ಗಿಣಿ ಹಸರಲ್ಲ, ಪಾಚಿ ಹಸರೂ ಅಲ್ಲ. ಇದಕ್ಕ ನಾನಽ ಹೆಸರಿಡತೀನಿ, ತಡೀರಿ," ಎಂದಳು. ಮನೆಯಲ್ಲಿ ಮತ್ತೆ ಮಾತು ಹುಟ್ಟಿತ್ತು.

ಮಧುಕರ್ ತಂಗಿಯ ಮದುವೆಗೆ ಊರಿಗೆ ಹೊರಟಾಗ ಹೇಳಿ ಹೋದ: "ಉಪ್ಪು ಅಲ್ಲೇ ಉಳಿಯುತ್ತೆ, ನೀರು ಮಾತ್ರ ಆವಿ ಆಗುತ್ತೆ. ಇಳಿದಷ್ಟು ಶುದ್ಧ ನೀರು ದಿನಾ ಹಾಕಿ." ಫಿಲ್ಟರ್ ನೀರಿನ ಪ್ಲಾಸ್ಟಿಕ್ ಕ್ಯಾನನ್ನೂ ಇಟ್ಟು ಹೋದ. ಬೇರೆ ನೀರು ಬೇಡ ಎಂದು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವನ ಮನೆಯಲ್ಲಿ ತಾಮ್ರದ ಹಂಡೆ ಇರಲೇ ಇಲ್ಲ.

"ಮನಿಗೆ ಬಂದ ಜೀವಕ್ಕ ಪ್ಲಾಸ್ಟಿಕ್ಕಿನ ತಂಗಳ ನೀರ ಹಾಕೂದೇನ್ರಿ?" ಅಂದಳು ಶಾಮಲಾ. ಹಂಡೆಯಿಂದ ದೇವರಿಗೆ ತೆಗೆದ ಮೇಲೆ ಎರಡನೆಯ ತಂಬಿಗೆ ಹವಳಕ್ಕೆ. ದಾರಿ ತಡವುತ್ತ ಹೋಗಿ ತಾನೇ ಸುರಿಯುವಳು. ಅಂಬಾರಾಯ ಅವಳ ಮೊಣಕೈ ಹಿಡಿದು ನಡೆಸುವನು. ಅಂಥ ಬೆಳಗುಗಳನ್ನು ಅವನು ಮದುವೆಯಾದ ಹೊಸತರಲ್ಲೂ ಕಂಡಿರಲಿಲ್ಲ.

ಮೊದಲು ಬಸವನಹುಳುಗಳು ಗಾಜಿನಿಂದ ಉದುರಿ ಬಿದ್ದವು. ಸಿಗಡಿ ಮಗುಚಿಕೊಂಡಿತು. ಹವಳ ಮುದುಡಿ, ದಿನದಿನಕ್ಕೆ ಬಿಳಿಚಿಕೊಂಡಿತು. ಮೀನು ಮಾತ್ರ ಆಡುತ್ತಿತ್ತು. ನೀರು ಕಡಿಮೆಯಾಯಿತೇನೋ ಎಂದು ಅಂಬಾರಾಯ ಇನ್ನೊಂದು ತಂಬಿಗೆ ಹಾಕಿಸಿದ.

ಊರಿಂದ ಬಂದ ಮಧುಕರ್ ತೊಟ್ಟಿ ನೋಡಿದ, ಅದರ ಮೇಲಿದ್ದ ಒದ್ದೆ ತಂಬಿಗೆ ನೋಡಿದ, ಹಂಡೆ ನೋಡಿದ. ಅಂಬಾರಾಯನನ್ನು ಹೊರಗೆ ಬಾಲ್ಕನಿಯ ಗ್ಯಾಲರಿಗೆ ಕರೆದೊಯ್ದು ದನಿ ತಗ್ಗಿಸಿದ.

"ಅಂಕಲ್, ಹಂಡೆ ನೀರಿಗೆ ತಾಮ್ರ ಇಳಿದಿರುತ್ತೆ, ಅದು ಹವಳಕ್ಕೆ ವಿಷ. ಮೀನು ತಡ್ಕೊಳ್ಳುತ್ತೆ, ಇವು ತಡ್ಕೊಳ್ಳಲ್ಲ. ಕಲ್ಲು, ಮರಳು ಎಲ್ಲಾ ಹೀರ್ಕೊಂಡಿರುತ್ತೆ. ಮತ್ತೆ ಮೊದಲಿಂದ ಶುರು ಮಾಡ್ಬೇಕು."

"ಎಷ್ಟ ದಿನಾ ಹಿಡೀತದ?"

"ತಿಂಗಳುಗಳೇ ಬೇಕು ಅಂಕಲ್."

ಉಂಗುರದಷ್ಟಿದ್ದ ಬೆಳಕು ಅಲ್ಲಿಯವರೆಗೆ ಎಲ್ಲಿರುತ್ತದೆ?

ಒಳಗೆ ಬಂದರೆ ಶಾಮಲಾ ಗಾಜಿಗೆ ಮುಖ ಹಚ್ಚಿಕೊಂಡೇ ಇದ್ದಳು.

"ರೀ, ನನ್ನ ಕಣ್ಣ ಹ್ವಾದೂ ಅನಸ್ತದ. ಎಲ್ಲಾ ಬೆಳ್ಳಗ ಕಾಣತದ."

ಅಂಬಾರಾಯ ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಹೌದೆಂದರೆ ಅವಳ ಕಣ್ಣನ್ನು ಇವತ್ತೇ ಕೈಯಾರೆ ಮುಚ್ಚಿದಂತೆ. ಅಲ್ಲವೆಂದರೆ ಹಂಡೆಯ ಮಾತು ಬರುತ್ತದೆ.

"ಕಣ್ಣ ಇನ್ನಾ ಅವ," ಅಂದ ಕೊನೆಗೆ. "ಹವಳ ಸತ್ತಾವ. ನೀರಿಂದು ನನ್ನ ತಪ್ಪಾತು."

"ಯಾವ ನೀರು?"

ಅವನು ತೊಟ್ಟಿಯ ಮೇಲಿದ್ದ ತಂಬಿಗೆ ಎತ್ತಿಕೊಂಡ, ಅದು ಗಾಜಿಗೆ ತಾಗಿ ಠಣ್ ಎಂದಿತು. ಶಾಮಲಾ ಹುಣಸೆಹಣ್ಣಿನ ಕರೆ ಹಿಡಿದ ಬೆರಳುಗಳನ್ನು ಕಣ್ಣಿನ ಸಮೀಪ ತಂದು ಒಂದೊಂದನ್ನೇ ನೋಡಿಕೊಂಡಳು.

ಮರುದಿನ ಬೆಳಿಗ್ಗೆ ಹಂಡೆ ಗ್ಯಾಲರಿಯಲ್ಲಿ ಬೋರಲು ಬಿದ್ದಿತ್ತು. ದೇವರ ಮುಂದೆ ಪ್ಲಾಸ್ಟಿಕ್ ಕ್ಯಾನಿನ ನೀರಿತ್ತು. ಅಂಬಾರಾಯ ಎಂದಿನಂತೆ ತೊಟ್ಟಿಯ ದೀಪ ಹಾಕಿದ. ಬಿಳಿ ಕಲ್ಲುಗಳ ನಡುವೆ ಮೀನೊಂದೇ ಸುತ್ತುತ್ತಿತ್ತು.

"ದೀಪ ಆರಸ್ರಿ," ಅಂದಳು ಶಾಮಲಾ ಒಳಗಿನಿಂದ. "ನೋಡೂದೇನದ ಅದರಾಗ."

ಅವನು ಆರಿಸಿದ.